ಅಂಗಡಿ ಮುಚ್ಚಿದ ಮೇಲೆ ಬರುವ ಗಿರಾಕಿಗಳು

ಬೆಂಗಳೂರಿನಲ್ಲಿ ಹಳೆಯ ಅಂಗಡಿಯೊಂದು ಬಾಗಿಲು ಹಾಕಿತೆಂಬ ಸುದ್ದಿ ಹೊರಟ ದಿನವೇ ಅದರ ಗುಣಗಾನಕ್ಕೆ ಆರಂಭವಾಗುತ್ತದೆ. ಆ ಅಂಗಡಿಯ ಮೆಟ್ಟಿಲು ತುಳಿದು ಹತ್ತು ವರ್ಷವಾಗಿದ್ದವರೂ ಅಂದು ಲೇಖನಿ ಹಿಡಿಯುತ್ತಾರೆ. ಅಲ್ಲಿಯ ಕಾಫಿಯ ಪರಿಮಳ, ಯಜಮಾನರ ದಪ್ಪ ಕನ್ನಡಕ, ಗಲ್ಲಾಪೆಟ್ಟಿಗೆಯ ಮೇಲಿನ ಗಣಪತಿಯ ಪಟ, ಬಾಲ್ಯದಲ್ಲಿ ಅಂಗೈಗೆ ಬಿದ್ದ ಪೆಪ್ಪರಮೆಂಟು, ಎಲ್ಲವೂ ಕ್ರಮವಾಗಿ ಬಂದುಹೋಗುತ್ತವೆ. ಕಡೆಯಲ್ಲಿ ‘ಕಾಲದ ಮಹಿಮೆ’ ಎಂದು ಒಂದು ನಿಟ್ಟುಸಿರು. ಓದಿದವರೂ ಒಂದು ನಿಟ್ಟುಸಿರನ್ನು ಬಿಟ್ಟು ಪತ್ರಿಕೆಯನ್ನು ಮಡಿಸಿಡುತ್ತಾರೆ. ಇಂತಹ ಬರಹಗಳು ಈಚೆಗೆ ಎಷ್ಟು ಹೆಚ್ಚಿವೆಯೆಂದರೆ ಇದನ್ನೇ ಒಂದು ಸಾಹಿತ್ಯಪ್ರಕಾರವೆಂದು ಎಣಿಸಬಹುದು. ಪ್ರಕಾರದ ಮೇಲೆ ಆಕ್ಷೇಪಣೆಯಿಲ್ಲ. ನೆನೆಯುವುದು ಮನುಷ್ಯಸಹಜವಾದ ಧರ್ಮವೇ ಸರಿ. ಆಕ್ಷೇಪಣೆಯಿರುವುದು ಆ ಕಡೆಯ ನಿಟ್ಟುಸಿರಿನ ವಿಷಯದಲ್ಲಿ. ಅಂಗಡಿಗಳನ್ನು ಕಾಲವು ಕೊಂದಿತೆಂಬ ಮಾತು ಕೇಳುವುದಕ್ಕೆ ಇಂಪಾಗಿದೆ. ವಿಚಾರಿಸಿ ನೋಡಿದರೆ ಸುಳ್ಳು.

ಮೊದಲು ಪುಸ್ತಕದ ಅಂಗಡಿಯ ಮಾತನ್ನೇ ತೆಗೆದುಕೊಳ್ಳಬಹುದು. ಚರ್ಚ್ ಸ್ಟ್ರೀಟಿನ ಸಮೀಪದಲ್ಲಿ 1971ರಲ್ಲಿ ಟಿ. ಎಸ್. ಶಾನಭಾಗರು ಆರಂಭಿಸಿದ ಪ್ರೀಮಿಯರ್ ಪುಸ್ತಕದಂಗಡಿಯು 2009ರಲ್ಲಿ ಮುಚ್ಚಿತು. ಮುಂಬಯಿಯಲ್ಲಿ ಸ್ಟ್ರ್ಯಾಂಡ್ ಪುಸ್ತಕದಂಗಡಿಯನ್ನು 1948ರಲ್ಲಿ ಸ್ಥಾಪಿಸಿದ ಟಿ. ಎನ್. ಶಾನಭಾಗರು ಇವರ ಬಂಧುಗಳೇ. ಆ ಸ್ಟ್ರ್ಯಾಂಡ್ ಕೂಡ 2018ರಲ್ಲಿ ಬಾಗಿಲು ಹಾಕಿತು. ಪ್ರೀಮಿಯರಿನ ಇಕ್ಕಟ್ಟು ಪ್ರಸಿದ್ಧವಾದದ್ದು. ನೆಲದಿಂದ ಸೂರಿನವರೆಗೆ ಪುಸ್ತಕದ ಗೋಡೆಗಳು. ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು. ಆದರೆ ಯಾವ ಪುಸ್ತಕ ಯಾವ ರಾಶಿಯ ಎಷ್ಟನೆಯ ಪದರದಲ್ಲಿದೆಯೆಂಬುದು ಯಜಮಾನರಿಗೆ ಬಾಯಿಪಾಠವಾಗಿತ್ತು. ಗಿರಾಕಿ ಕೇಳುವ ಮೊದಲೇ ಬೆಲೆಯಲ್ಲಿ ಒಂದಿಷ್ಟು ಬಿಡುತ್ತಿದ್ದರು. 2021ರಲ್ಲಿ ಅವರು ತೀರಿಕೊಂಡಾಗ ನಗರದ ಓದುಗರು ನಿಜವಾಗಿಯೂ ದುಃಖಿಸಿದರು. ಆ ದುಃಖವನ್ನು ಯಾರೂ ಹಳಿಯಲಾರರು.

ಆದರೆ ಆ ದುಃಖದ ಬೆನ್ನಿಗೇ ಒಂದು ತೀರ್ಪು ಹೊರಟಿತು: ‘ಓದುವವರೇ ಇಲ್ಲವಾದಮೇಲೆ ಪುಸ್ತಕದಂಗಡಿ ಹೇಗೆ ಬದುಕೀತು?’ ಈ ತೀರ್ಪನ್ನು ಕೊಟ್ಟವರು ಅದೇ ಚರ್ಚ್ ಸ್ಟ್ರೀಟಿನಲ್ಲಿ ನೂರು ಹೆಜ್ಜೆ ನಡೆದಿದ್ದರೆ ಸಾಕಾಗಿತ್ತು. ಅಲ್ಲಿ ಬ್ಲಾಸಮ್, ಬುಕ್‌ವರ್ಮ್ ಮೊದಲಾದ ಅಂಗಡಿಗಳಲ್ಲಿ ಭಾನುವಾರ ಸಂಜೆ ಕಾಲಿಡಲು ಸ್ಥಳವಿರುವುದಿಲ್ಲ. ಹಳೆಯ ಪುಸ್ತಕಗಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತವರು ಬಹುಪಾಲು ಇಪ್ಪತ್ತೈದರ ಒಳಗಿನವರು. ಇನ್ನು 2007ರಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆಯು ಇದೇ ಬೆಂಗಳೂರಿನಲ್ಲಿ ಹುಟ್ಟಿ ಮೊದಲು ಮಾರಿದ ಸರಕಾದರೂ ಯಾವುದು? ಪುಸ್ತಕವೇ. ಓದುವವರೇ ಇಲ್ಲದ ಊರಿನಲ್ಲಿ ಯಾವ ವ್ಯಾಪಾರಿಯೂ ಪುಸ್ತಕದಿಂದ ಬೋಣಿ ಮಾಡುವುದಿಲ್ಲ. ಓದುಗನ ಮೇಲೆ ಹೊರಿಸಿದ ಈ ಅಪವಾದವನ್ನು ಇಲ್ಲಿಗೆ ಬಿಡಬಹುದು.

ಹಾಗಾದರೆ ಕಾರಣವೇನು? ಹೇಳುವುದಕ್ಕೆ ರಸವಿಲ್ಲದ, ಸ್ಮರಣಲೇಖನದಲ್ಲಿ ಎಂದೂ ಕಾಣಿಸಿಕೊಳ್ಳದ ಒಂದು ಶಬ್ದವಿದೆ: ಬಾಡಿಗೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ನೆರಳಿನಲ್ಲಿ ನಗರದ ಹಳೆಯ ಅಂಗಡಿಗಳು ನಾಲ್ಕು ದಶಕ ಬದುಕಿದವು. ಅದರ ಸ್ಥಾನದಲ್ಲಿ ಕರ್ನಾಟಕ ಬಾಡಿಗೆ ಕಾಯಿದೆ, 1999 ಬಂದಿತು. 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ ಈ ಕಾಯಿದೆಯ ರಕ್ಷಣೆಯು ವ್ಯಾಪಾರದ ಮಳಿಗೆಗಳ ಪೈಕಿ 14 ಚದರ ಮೀಟರನ್ನು ಮೀರದವುಗಳಿಗೆ ಮಾತ್ರವೇ ಸಲ್ಲುತ್ತದೆ. ಹದಿನಾಲ್ಕು ಚದರ ಮೀಟರೆಂದರೆ ಹೆಚ್ಚುಕಡಮೆ 150 ಚದರಡಿ. ಹತ್ತಡಿ ಅಗಲ, ಹದಿನೈದಡಿ ಉದ್ದದ ಒಂದು ಕೋಣೆ. ಬೀಡಿ, ಬೆಂಕಿಪೊಟ್ಟಣ ಮಾರುವವನಿಗೆ ಅಷ್ಟು ಸಾಕು. ನಾಲ್ಕು ಮೇಜು ಹಾಕಬೇಕಾದ ಹೋಟಲಿಗೆ, ಪುಸ್ತಕಗಳನ್ನು ಜೋಡಿಸಬೇಕಾದವನಿಗೆ, ಥಾನು ಬಿಚ್ಚಿ ತೋರಿಸಬೇಕಾದ ಬಟ್ಟೆಯ ವ್ಯಾಪಾರಿಗೆ ಅದು ಎಲ್ಲಿಯ ಮಾತು? ಅಂಥವರೆಲ್ಲರೂ ಒಂದು ದಿನ ಬೆಳಗಾಗುವುದರೊಳಗೆ ಮಾರುಕಟ್ಟೆಯ ದರದ ಬಯಲಿಗೆ ಬಿದ್ದರು. ಎಷ್ಟು ಮಂದಿ ಸ್ಮರಣಲೇಖಕರು ಈ ದಿನಾಂಕವನ್ನು ನೆನೆದಿದ್ದಾರೆ?

ಇದಕ್ಕೊಂದು ಪೂರ್ವಪಕ್ಷವುಂಟು, ಅದು ಹುರುಳಿಲ್ಲದ್ದಲ್ಲ. ಕಟ್ಟಡದ ಯಜಮಾನನು ಧರ್ಮಛತ್ರವನ್ನು ನಡೆಸುವವನಲ್ಲ. ಹಿಂದಿನ ಕಾಯಿದೆಯ ಕಾಲದಲ್ಲಿ ಅಜ್ಜ ಗೊತ್ತುಮಾಡಿದ ಬಾಡಿಗೆಯನ್ನೇ ಮೊಮ್ಮಗನೂ ಕೊಡುತ್ತಿದ್ದ ನಿದರ್ಶನಗಳು ಬೇಕಾದಷ್ಟಿದ್ದವು. ಬಂದ ಬಾಡಿಗೆ ಸುಣ್ಣ ಬಳಿಯುವುದಕ್ಕೂ ಸಾಲದೆಂದು ಯಜಮಾನನು ಕಟ್ಟಡವನ್ನು ಸೋರಲು ಬಿಟ್ಟು, ತಾನಾಗಿ ಕುಸಿಯಲೆಂದು ಕಾಯುತ್ತಿದ್ದನು. ಅದು ಅನ್ಯಾಯವೆಂದು ಒಪ್ಪಬೇಕು. ಆದರೆ ಒಂದು ಅನ್ಯಾಯಕ್ಕೆ ಅದರ ತಲೆಕೆಳಗಾದ ಇನ್ನೊಂದು ಅನ್ಯಾಯವೇ ಪರಿಹಾರವೆಂದು ಒಪ್ಪಬೇಕಾದುದಿಲ್ಲ. ನಡುವೆ ದಾರಿಗಳಿವೆ, ಬೇರೆ ನಗರಗಳು ಅವನ್ನು ಹುಡುಕಿಯೂ ಇವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರವು 30 ವರ್ಷಕ್ಕೆ ಮೀರಿ ನಡೆದುಬಂದ ಅಂಗಡಿಗಳಿಗಾಗಿ ಒಂದು ದಾಖಲೆಪುಸ್ತಕವನ್ನು ತೆರೆಯಿತು. 2015ರಲ್ಲಿ ಅಲ್ಲಿಯ ಮತದಾರರೇ ಒಪ್ಪಿಗೆ ಕೊಟ್ಟು ಒಂದು ನಿಧಿಯನ್ನು ಏರ್ಪಡಿಸಿದರು. ಅಂಥ ಅಂಗಡಿಗೆ ಹತ್ತು ವರ್ಷಕ್ಕೆ ಕಡಮೆಯಿಲ್ಲದ ಕರಾರು ಬರೆದುಕೊಡುವ ಕಟ್ಟಡದ ಯಜಮಾನನಿಗೂ ಆ ನಿಧಿಯಿಂದ ಧನಸಹಾಯ ಸಲ್ಲುವಂತೆ ಮಾಡಿದರು. ಫ್ರಾನ್ಸ್ ದೇಶವು 1981ರಲ್ಲಿಯೇ ಹೊಸ ಪುಸ್ತಕದ ಮೇಲೆ ನೂರಕ್ಕೆ ಐದಕ್ಕಿಂತ ಹೆಚ್ಚಿನ ರಿಯಾಯಿತಿಯನ್ನು ಯಾರೂ ಕೊಡಕೂಡದೆಂದು ಶಾಸನ ಮಾಡಿತು. ಪ್ರೀಮಿಯರಿನ ಯಜಮಾನರೂ ರಿಯಾಯಿತಿ ಕೊಡುತ್ತಿದ್ದರಲ್ಲ ಎಂದರೆ, ಕೊಡುತ್ತಿದ್ದರು. ಅದು ತಮ್ಮ ಲಾಭದಲ್ಲಿ ಮುರಿದುಕೊಟ್ಟ ತುಂಡು. ಇತರರು ಮುಳುಗುವವರೆಗೆ ನಷ್ಟದಲ್ಲಿ ಮಾರುವಷ್ಟು ಬಂಡವಾಳ ಅವರಲ್ಲಿರಲಿಲ್ಲ. ಈ ದೇಶಗಳಲ್ಲಿಯೂ ಅಂಗಡಿಗಳು ಮುಚ್ಚಿವೆ. ಆದರೆ ಕಾಲದ ಮಹಿಮೆಯೆಂದು ಅಲ್ಲಿ ಯಾರೂ ಕೈಕಟ್ಟಿ ಕುಳಿತಿಲ್ಲ.

ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸಿನ ಕಥೆಯು ಇನ್ನೂ ಬೋಧಪ್ರದವಾದದ್ದು. ಬಿಳಿಯ ಉಡುಪು, ತುರಾಯಿಯ ರುಮಾಲು ತೊಟ್ಟ ನೌಕರರು ದಶಕಗಳ ಕಾಲ ಅಲ್ಲಿ ಕಾಫಿ ಕೊಟ್ಟರು. 2009ರಲ್ಲಿ ಆ ಕಟ್ಟಡವನ್ನು ಬಿಟ್ಟುಕೊಡಬೇಕಾಯಿತು; ಶೋಕಗೀತೆಗಳು ಕೇಳಿಬಂದವು. ಆದರೆ ಕಾಫಿ ಹೌಸು ಸಾಯಲಿಲ್ಲ. ಚರ್ಚ್ ಸ್ಟ್ರೀಟಿಗೆ ಹೋಗಿ ಅದೇ ಉಡುಪಿನಲ್ಲಿ ಅದೇ ಕಾಫಿಯನ್ನು ಕೊಡತೊಡಗಿತು. ಕಾರಣವಿಷ್ಟೆ: ಅದು ಒಬ್ಬ ಯಜಮಾನನ ಸ್ವತ್ತಾಗಿರಲಿಲ್ಲ, ದುಡಿಯುವವರ ಸಹಕಾರ ಸಂಘದ್ದಾಗಿತ್ತು. 1957ರ ಸುಮಾರಿಗೆ ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ನೌಕರರು ಎದೆಗೆಡದೆ, ಏ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಂಘಗಳನ್ನು ಕಟ್ಟಿ, ತಾವೇ ನಡೆಸಿದರು. ಒಬ್ಬನ ಅಂಗಡಿಯು ಅವನ ಮಂಡಿನೋವಿನೊಡನೆ, ಅವನ ಮಗನ ಪರದೇಶಪ್ರಯಾಣದೊಡನೆ ಮುಗಿಯುತ್ತದೆ. ಸಂಘದ ಅಂಗಡಿಯು ಸ್ಥಳ ಬದಲಾಯಿಸಿಯಾದರೂ ನಿಲ್ಲುತ್ತದೆ. ದೇಶದ ಮೊದಲ ಸಹಕಾರ ಸಂಘವನ್ನು 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಕಟ್ಟಿದ ನಾಡಿನವರಿಗೆ ಈ ಉಪಾಯವನ್ನು ಹೊರಗಿನವರು ಬಂದು ಕಲಿಸಬೇಕಾದುದಿಲ್ಲ.

ಇನ್ನು ಶೋಕದಲ್ಲಿಯೂ ಒಂದು ಪಂಕ್ತಿಭೇದವಿದೆ. ನೆನಪಿನ ಬರಹಗಳ ಭೂಗೋಳವನ್ನು ಗಮನಿಸಿದರೆ ಅದು ಬಹುಮಟ್ಟಿಗೆ ದಂಡಿನ ಭೂಗೋಳ: ಹಿಂದಿನ ಸೌತ್ ಪೆರೇಡ್, ಬ್ರಿಗೇಡ್ ರಸ್ತೆ, ಕಮರ್ಷಿಯಲ್ ಸ್ಟ್ರೀಟ್. 1809ರಲ್ಲಿ ದಂಡು ನೆಲೆಗೊಳ್ಳುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ, 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆನ್ನುವ ಪೇಟೆಯು ಅಲ್ಲಿಂದ ಎರಡು ಮೂರು ಮೈಲಿಯ ದೂರದಲ್ಲಿದೆ. ದಂಡು ಮತ್ತು ನಗರಗಳು 1949ರಲ್ಲಿ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ನೆನಪುಗಳು ಮಾತ್ರ ಇನ್ನೂ ಸೇರಿಲ್ಲ. ಕುಂಬಾರಪೇಟೆಯಲ್ಲಿ ತಿಗರಿಯ ಸದ್ದು ನಿಂತದ್ದಕ್ಕೆ, ಗಾಣಿಗರಪೇಟೆಯಲ್ಲಿ ಗಾಣ ನಿಂತದ್ದಕ್ಕೆ ಯಾರು ಲೇಖನ ಬರೆದರು? ಗಿರಾಕಿಯು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ, ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲಿ, ದಖನಿಯಲ್ಲಿ ಕೇಳಿದರೆ ದಖನಿಯಲ್ಲಿ ಬೆಲೆ ಹೇಳುತ್ತಿದ್ದ ಚಿಕ್ಕಪೇಟೆಯ ವ್ಯಾಪಾರಿಯ ವಿದ್ವತ್ತನ್ನು ಯಾರು ಹೊಗಳಿದರು? ಇಂಗ್ಲಿಷಿನಲ್ಲಿ ನೆನೆಯುವವರಿಲ್ಲದ ಅಂಗಡಿಯು ಸತ್ತರೆ ಸಾವೆನ್ನಿಸಿಕೊಳ್ಳುವುದೇ ಇಲ್ಲ.

ಪೇಟೆಯ ಪಕ್ಷವನ್ನು ವಹಿಸಿದ ಮಾತ್ರಕ್ಕೆ ಹಳೆಯದೆಲ್ಲ ಹೊನ್ನೆಂದು ಹೇಳಿದಂತಾಗುವುದಿಲ್ಲ. ಕೆಲವು ಹಳೆಯ ಹೋಟಲುಗಳಲ್ಲಿ ಬ್ರಾಹ್ಮಣರಿಗೆಂದು ಪ್ರತ್ಯೇಕ ಅಂಕಣವಿರುತ್ತಿತ್ತು. ಹೊರಗೆ ನಿಂತೇ ಕಾಫಿ ಕುಡಿಯಬೇಕಾದವರಿದ್ದರು. ಆ ಬಾಗಿಲಿನ ವರೆಗೂ ಬರಲಾಗದವರಿದ್ದರು. 1950ರ ಸಂವಿಧಾನವು ತನ್ನ 15ನೆಯ ಅನುಚ್ಛೇದದಲ್ಲಿ ಅಂಗಡಿ, ಹೋಟಲುಗಳನ್ನು ಹೆಸರಿಟ್ಟು ಹೇಳಿ, ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಬೇಕಾಗಿ ಬಂದುದು ಸುಮ್ಮನೆ ಅಲ್ಲ. ಲೋಟ ತೊಳೆಯುತ್ತಿದ್ದ ಹತ್ತು ವರ್ಷದ ಹುಡುಗರೂ ಆ ಮಧುರ ಸ್ಮೃತಿಗಳಲ್ಲಿ ಎಲ್ಲಿಯೂ ಸುಳಿಯುವುದಿಲ್ಲ. ದೋಸೆಯ ರುಚಿಯನ್ನು ಮಾತ್ರ ನೆನೆದು ಇವನ್ನು ಮರೆಯುವ ನೆನಪು ನೆನಪಲ್ಲ, ಅಲಂಕಾರ.

ಹಾಗಾದರೆ ಹೋದದ್ದರಲ್ಲಿ ನಿಜವಾದ ನಷ್ಟ ಯಾವುದು? ಉದ್ರಿಯ ಪುಸ್ತಕ. ಬಡಾವಣೆಯ ದಿನಸಿ ಅಂಗಡಿಯಲ್ಲಿ, ಎಣ್ಣೆಯ ಕಲೆ ಬಿದ್ದ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಪ್ರತಿಯೊಂದು ಮನೆಗೂ ಒಂದು ಪುಟವಿರುತ್ತಿತ್ತು. ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವು ಗೋಡೆಯ ಮೇಲಿದ್ದರೂ ಅದು ಅಪರಿಚಿತರಿಗೆ ಮಾತ್ರ. ತಿಂಗಳ ಸಂಬಳ ತಡವಾದ ಗುಮಾಸ್ತೆ, ಗಂಡ ತೀರಿಕೊಂಡ ಮೇಲೆ ಹಪ್ಪಳ ಲಟ್ಟಿಸಿ ಮಕ್ಕಳನ್ನು ಸಾಕುತ್ತಿದ್ದ ಹೆಂಗಸು, ಊರಿನಿಂದ ಮನಿಯಾರ್ಡರು ಬಾರದ ವಿದ್ಯಾರ್ಥಿ, ಇವರೆಲ್ಲರ ಅಡಿಗೆಮನೆಯೂ ಆ ಪುಸ್ತಕದ ಬಲದಿಂದ ಉರಿಯುತ್ತಿತ್ತು. ಬಡ್ಡಿಯಿಲ್ಲ, ಪತ್ರವಿಲ್ಲ, ಜಾಮೀನಿಲ್ಲ. ಮನೆಯ ಮಗುವೇ ಚೀಟಿ ಹಿಡಿದು ಬಂದರೂ ತೂಕದಲ್ಲಿ ಮೋಸವಿಲ್ಲ. ಮೇಲೊಂದು ತುಂಡು ಬೆಲ್ಲ ಕೊಸರು. ಅಂಗಡಿಯವನು ಕರ್ಣನೇನೂ ಅಲ್ಲ. ಬೇಳೆಯಲ್ಲಿ ಕಲ್ಲನ್ನೂ ಲೆಕ್ಕದಲ್ಲಿ ನಾಲ್ಕಾಣೆಯನ್ನೂ ಸೇರಿಸುವವರಿದ್ದರು. ಆದರೂ ಅವನು ಎದುರಿಗೇ ಇದ್ದನು, ಜಗಳವಾಡಬಹುದಾಗಿತ್ತು. ಈಗ ಮೊಬೈಲಿನಲ್ಲಿಯೂ ಕೊಂಡು ಆಮೇಲೆ ತೆರುವ ಸೌಕರ್ಯವುಂಟು. ಗಡುವು ತಪ್ಪಿದರೆ ದಂಡ, ದಂಡದ ಮೇಲೆ ಬಡ್ಡಿ. ಕಷ್ಟ ಹೇಳಿಕೊಳ್ಳೋಣವೆಂದರೆ ಎದುರಿಗೆ ಮುಖವಿಲ್ಲ. ಹತ್ತು ನಿಮಿಷದಲ್ಲಿ ಸಾಮಾನು ತಂದೊಪ್ಪಿಸುವ ಉಗ್ರಾಣಗಳಿಗೆ ಗಿರಾಕಿಯು ಒಳಹೊಗುವ ಬಾಗಿಲೇ ಇಲ್ಲ.

ಇಲ್ಲಿಗೆ ಬಂದಾಗ ವಿದ್ಯಾವಂತ ಕುಟುಂಬಗಳ ಹೆಸರನ್ನೂ ಎತ್ತಲೇಬೇಕಾಗುತ್ತದೆ. 2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಅಕ್ಕಿಬೇಳೆಗಾಗಿ ಅವು ಓಡಿದ್ದು ಎಲ್ಲಿಗೆ? ಬೀದಿಯ ಮೂಲೆಯ ಅಂಗಡಿಗೇ. ಅಂಗಡಿಯವನು ಅರ್ಧ ಬಾಗಿಲು ತೆರೆದು, ಹಗ್ಗ ಕಟ್ಟಿ, ಕೈಗೆ ಸಿಕ್ಕಿದ್ದನ್ನು ಎಲ್ಲರಿಗೂ ಹಂಚಿ ಕೊಟ್ಟನು. ಆಗ ಅವನನ್ನು ಹೊಗಳದ ಬಾಯಿಲ್ಲ. ವರ್ಷ ಕಳೆಯುವುದರೊಳಗೆ ಅದೇ ಮನೆಗಳು ಎರಡು ರೂಪಾಯಿ ಉಳಿಯಿತೆಂದು ಮೊಬೈಲಿಗೆ ಹಿಂದಿರುಗಿ, ಮೊಸರು ಮುಗಿದ ರಾತ್ರಿ ಮಾತ್ರ ಅವನನ್ನು ನೆನೆಯತೊಡಗಿದವು. ತಿಂಗಳಿಗೊಮ್ಮೆ ಒಂದು ಪಾಕೀಟು ಮೊಸರು ಕೊಳ್ಳುವ ಗಿರಾಕಿಯಿಂದ ಯಾವ ಅಂಗಡಿಯೂ ಬಾಡಿಗೆ ಕಟ್ಟಲಾರದು. ನಾಳೆ ಅವನು ಬಾಗಿಲು ಹಾಕಿದರೆ ಮೊದಲ ಸ್ಮರಣಲೇಖನವು ಈ ಮನೆಗಳಿಂದಲೇ ಬರುತ್ತದೆ.

ರಸ್ತೆಯ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಮೆಟ್ರೋ ಬೇಕು, 2011ರಲ್ಲಿ ಅದು ಮೊದಲು ಓಡಿದಂದಿನಿಂದ ಲಕ್ಷಾಂತರ ಜನಕ್ಕೆ ಉಪಕಾರವಾಗಿದೆ. ಆದರೆ ಅದಕ್ಕಾಗಿ ಒಡೆದ ಕಟ್ಟಡದ ಯಜಮಾನನಿಗೆ ನೆಲದ ಬೆಲೆ ದೊರೆತರೂ, ಬಾಡಿಗೆಗಿದ್ದ ಅಂಗಡಿಯವನು ಮೂವತ್ತು ವರ್ಷ ಸಂಪಾದಿಸಿದ ಗಿರಾಕಿಗಳಿಗೆ ಬೆಲೆ ಕಟ್ಟುವ ಕೋಷ್ಟಕ ಎಲ್ಲಿದೆ? ಹಿಂದಿನ ದೊಡ್ಡಪೇಟೆಯಾದ ಅವೆನ್ಯೂ ರಸ್ತೆಯಲ್ಲಿ ಇಂದಿಗೂ ಹಳೆಯ ಪುಸ್ತಕದವರು, ಕಾಗದದವರು ಇದ್ದಾರೆ. ಒಳಗಲ್ಲಿಗಳಲ್ಲಿ ಅಳಲೆಕಾಯಿ, ಬಜೆ, ಹಿಪ್ಪಲಿ ಕೊಡುವ ಗ್ರಂಥಿಗೆ ಅಂಗಡಿಗಳಿವೆ. ಬಳೇಪೇಟೆಯಲ್ಲಿ ವೀಣೆ ಹಾರ್ಮೋನಿಯಂಗಳು ಸಿಗುತ್ತವೆ. ಇವುಗಳಲ್ಲಿ ಮೂವತ್ತು ವರ್ಷ ದಾಟಿದವು ಎಷ್ಟು, ಯಾವ ಕರಾರಿನ ಮೇಲೆ ನಿಂತಿವೆ, ಕರಾರು ಯಾವಾಗ ಮುಗಿಯುತ್ತದೆ ಎಂಬುದನ್ನು ನಗರಾಡಳಿತವು ಬೀದಿ ಬೀದಿಯಾಗಿ ಬರೆದಿಡಬೇಕು. ಹದಿನಾಲ್ಕು ಚದರ ಮೀಟರಿನ ಗೆರೆಯನ್ನು ಶಾಸನಸಭೆಯು ಮತ್ತೊಮ್ಮೆ ನೋಡಬೇಕು. ಮುಂದಿನ ಅಗಲೀಕರಣದ, ಮುಂದಿನ ಸುರಂಗದ ನಕ್ಷೆಗೆ ಸಹಿ ಬೀಳುವ ಮೊದಲು ಆ ಪಟ್ಟಿಯು ಇಂಜಿನಿಯರುಗಳ ಮೇಜಿನ ಮೇಲಿರಬೇಕು. ಸ್ಮರಣಲೇಖಕರಿಗೆ ಬಿಡುವಿದ್ದರೆ ಪಟ್ಟಿಯ ಕೆಲಸವನ್ನು ಅವರೇ ಚಿಕ್ಕಪೇಟೆಯ ನಾಲ್ಕು ಬೀದಿ ಕೂಡುವ ಚೌಕದಿಂದ ಆರಂಭಿಸಬಹುದು. ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಅಲ್ಲಿ ಬಾಗಿಲುಗಳು ತೆರೆದಿರುತ್ತವೆ.