ತಡವಾದ ಪಾರ್ಸೆಲು: ನಷ್ಟ ಯಾರದು?

2025ನೆಯ ಇಸವಿ ಆಗಸ್ಟ್ 25ನೆಯ ತಾರೀಖಿನಿಂದ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋಗತಕ್ಕ ಪಾರ್ಸೆಲುಗಳನ್ನು ತೆಗೆದುಕೊಳ್ಳಲಾಗುವುದಿಲ್ಲವೆಂದು ನಮ್ಮ ಅಂಚೆಯ ಇಲಾಖೆಯವರು ಪ್ರಕಟಿಸಿದರು. ಮೊದಲು ಕಾಗದಪತ್ರಗಳಿಗೂ ನೂರು ಡಾಲರಿನೊಳಗಿನ ಉಡುಗೊರೆಗಳಿಗೂ ವಿನಾಯಿತಿಯಿದ್ದಿತು. ಒಂದು ವಾರ ತುಂಬುವಷ್ಟರಲ್ಲಿ ಅದೂ ನಿಂತುಹೋಯಿತು. ಬಾಗಿಲು ಮತ್ತೆ ತೆರೆದುದು ಅಕ್ಟೋಬರ್ 15ರಂದು. ಆ ವರ್ಷ ನವರಾತ್ರಿಯು ಸೆಪ್ಟೆಂಬರ್ 22ಕ್ಕೆ ಆರಂಭವಾಗಿ ಅಕ್ಟೋಬರ್ 2ಕ್ಕೆ ವಿಜಯದಶಮಿಯಾಯಿತು. ನ್ಯೂಜೆರ್ಸಿಯಲ್ಲಿಯೂ ಕ್ಯಾಲಿಫೋರ್ನಿಯಾದಲ್ಲಿಯೂ ನೆಲಸಿದ ನಮ್ಮವರ ಮನೆಗಳಲ್ಲಿ ಗೊಂಬೆಯ ಹಬ್ಬ ನಡೆಯಬೇಕಾದ ದಿನಗಳೆಲ್ಲವೂ ಅಂಚೆಯ ಬಾಗಿಲು ಮುಚ್ಚಿದ ಕಾಲದೊಳಗೇ ಬಿದ್ದುವು. ಹಬ್ಬಕ್ಕೆಂದು ಕರೆಸಿದ ಗೊಂಬೆ ಹಬ್ಬ ಕಳೆದ ಮೇಲೆ ಬಂದರೆ, ಆ ವರ್ಷದ ಮಟ್ಟಿಗೆ ಅದು ಕೇವಲ ಮರದ ತುಂಡು.

ಈ ಪ್ರಸಂಗದ ಮೂಲಕಾರಣವು ನಮ್ಮ ದೇಶದಲ್ಲಿರಲಿಲ್ಲ. ಸಣ್ಣ ಬೆಲೆಯ ಸರಕಿಗೆ ಸುಂಕವಿಲ್ಲದೆ ಒಳಗೆ ಬಿಡುವ ಪದ್ಧತಿ ಅಮೆರಿಕೆಯಲ್ಲಿ ಬಹುಕಾಲದಿಂದ ಇದ್ದಿತು. 2016ರಿಂದ ಅದರ ಮಿತಿಯು 800 ಡಾಲರಾಗಿದ್ದಿತು. 2025ರ ಮೇ 2ರಿಂದ ಚೀನಾ ಮತ್ತು ಹಾಂಗ್‌ಕಾಂಗ್‌ಗಳ ಸರಕಿಗೂ, ಆಗಸ್ಟ್ 29ರಿಂದ ಸಕಲ ದೇಶಗಳ ಸರಕಿಗೂ ಈ ಸೌಕರ್ಯವನ್ನು ಅಲ್ಲಿಯ ಅಧ್ಯಕ್ಷರು ತೆಗೆದುಹಾಕಿದರು. ಸುಂಕವನ್ನು ಯಾರು ವಸೂಲುಮಾಡಬೇಕು, ಯಾರ ಮೂಲಕ ಸಲ್ಲಿಸಬೇಕು ಎಂಬ ಏರ್ಪಾಡು ಸ್ಪಷ್ಟವಾಗದಿದ್ದುದರಿಂದ ವಿಮಾನ ಕಂಪೆನಿಗಳವರು ಅಂಚೆಯ ಮೂಟೆಗಳನ್ನು ಹೊರಲು ಒಪ್ಪಲಿಲ್ಲ. ಎಂಬತ್ತೆಂಟು ಅಂಚೆಯ ಆಡಳಿತಗಳು ತಮ್ಮ ಸೇವೆಯನ್ನು ಪೂರ್ತಿಯಾಗಿಯೋ ಭಾಗಶಃವೋ ನಿಲ್ಲಿಸಿದುವೆಂದೂ, ಅಮೆರಿಕೆಗೆ ಹೋಗುವ ಅಂಚೆಯು ಒಂದು ವಾರದ ಅಂತರದಲ್ಲಿ ನೂರಕ್ಕೆ 81ರಷ್ಟು ಇಳಿಯಿತೆಂದೂ ಜಾಗತಿಕ ಅಂಚೆಯ ಒಕ್ಕೂಟದವರು ಹೇಳಿದರು. ಆದುದರಿಂದ ಇದಕ್ಕಾಗಿ ನಮ್ಮ ಇಲಾಖೆಯನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಆದರೆ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯಂತೆ, ಎರಡು ಸರ್ಕಾರಗಳ ನಡುವಣ ಸುಂಕದ ವ್ಯಾಜ್ಯದಲ್ಲಿ ಬಡವಾದ ಕೂಸು ಯಾವುದೆಂಬುದನ್ನು ವಿಚಾರಿಸುವುದು ನಮ್ಮ ಕರ್ತವ್ಯ.

ಚನ್ನಪಟ್ಟಣದ ಕುಶಲಕರ್ಮಿಯೊಬ್ಬನಿದ್ದಾನೆಂದು ಇಟ್ಟುಕೊಳ್ಳೋಣ. ಹಾಲೆಮರವನ್ನು ಚರಕಿಯ ಮೇಲೆ ಕಡೆದು, ಅರಗಿನ ಬಣ್ಣ ಹಚ್ಚಿ ಅವನು ಗೊಂಬೆಗಳನ್ನು ಮಾಡುತ್ತಾನೆ. ದಳ್ಳಾಳಿಯ ಕೈಗೆ ಸಿಕ್ಕದೆ ನೇರವಾಗಿ ಮಾರಬೇಕೆಂದು ಮಗನ ಸಹಾಯದಿಂದ ಅಂತರಜಾಲದ ಪೇಟೆಯೊಂದರಲ್ಲಿ ಅಂಗಡಿ ತೆರೆದಿದ್ದಾನೆ. ನಲವತ್ತು ಡಾಲರಿಗೆ ಒಂದು ಜೊತೆ ಗೊಂಬೆಗೆ ಬೇಡಿಕೆ ಬಂದಿತು. ಹೇಳಿದ ದಿನಕ್ಕೆ ಸರಿಯಾಗಿ ಅವನು ಅಂಚೆಗೆ ಹಾಕಿದನು, ರಶೀತಿ ಪಡೆದನು, ಗುರುತಿನ ಸಂಖ್ಯೆಯನ್ನು ಗಿರಾಕಿಗೆ ತಿಳಿಸಿದನು. ಇಷ್ಟರಲ್ಲಿ ಅವನ ಪಾಲಿನ ಕೆಲಸ ತೀರಿತು. ಪಾರ್ಸೆಲು ವಿದೇಶೀ ಅಂಚೆಯ ಕಚೇರಿಯವರೆಗೆ ಹೋಗಿ ಅಲ್ಲಿಯೇ ನಿಂತಿತು. ಮೂರು ವಾರ ಕಳೆದುವು. ಗಿರಾಕಿಯು, ‘ಸಾಮಾನು ಬರಲಿಲ್ಲ, ಹಣ ಕೊಡಿ’ ಎಂದು ಪೇಟೆಯವರಿಗೆ ದೂರು ಕೊಟ್ಟನು. ಪೇಟೆಯವರು ನಲವತ್ತು ಡಾಲರನ್ನು ತಡೆಹಿಡಿದು, ಕೆಲವು ದಿನಗಳಲ್ಲಿ ಗಿರಾಕಿಗೆ ಮರಳಿಸಿದರು. ಮುಂದೆ ಎರಡು ತಿಂಗಳಿಗೆ ಪಾರ್ಸೆಲು ಗಿರಾಕಿಯ ಮನೆಗೆ ಮುಟ್ಟಿದರೂ ಮುಟ್ಟಬಹುದು. ಆಗ ಗೊಂಬೆಯೂ ಹಣವೂ ಒಬ್ಬನ ಬಳಿಯೇ ಉಳಿಯುವುವು. ಪೆಟ್ಟಿಗೆಯು ಹಿಂದಕ್ಕೆ ಬಂದರೆ ಅದು ತಾನೇ ಕಳುಹಿಸಿದ ಸರಕೆಂದು ಸುಂಕದ ಕಟ್ಟೆಯವರ ಮುಂದೆ ರುಜುವಾತುಪಡಿಸುವ ತೊಂದರೆ ಬೇರೆ. ಇದರಲ್ಲಿ ಯಾರೂ ಮೋಸಮಾಡಿಲ್ಲ. ಆದರೂ ಒಬ್ಬನು ಕೆಟ್ಟನು.

ಇಂತಹ ವ್ಯಾಜ್ಯಗಳ ನಿಜವಾದ ತೊಡಕು ಎರಡು ಪಂಚಾಂಗಗಳಲ್ಲಿದೆಯೆಂದು ನಮಗೆ ತೋರುತ್ತದೆ. ಕಳೆದುಹೋದ ಪಾರ್ಸೆಲಿನ ಬಗ್ಗೆ ವಿಚಾರಣೆ ಕೇಳಲು ಜಾಗತಿಕ ಅಂಚೆಯ ಒಡಂಬಡಿಕೆಯು ಆರು ತಿಂಗಳ ಅವಕಾಶ ಕೊಡುತ್ತದೆ; ಅಂಚೆಯು ತಿಂಗಳುಗಳ ಲೆಕ್ಕದಲ್ಲಿ ಯೋಚಿಸುತ್ತದೆ. ಇತ್ತ ಈಬೇ ಪೇಟೆಯಲ್ಲಿ ದೂರು ಬಂದ ಮೂರು ಕೆಲಸದ ದಿನಗಳೊಳಗೆ ಮಾರುವವನು ಉತ್ತರ ಹೇಳತಕ್ಕದ್ದು. ಪೇಪಾಲ್ ಮೂಲಕ ಹಣ ಕೊಟ್ಟವನು 180 ದಿನಗಳವರೆಗೆ ತಕರಾರು ಹೂಡಬಹುದು. ಕಾರ್ಡಿನ ಮೂಲಕ ಕೊಟ್ಟವನು ತನ್ನ ಬ್ಯಾಂಕಿಗೆ ದೂರು ಹೇಳಿ, ಸಾಮಾನ್ಯವಾಗಿ 120 ದಿನಗಳೊಳಗೆ ಹಣವನ್ನು ಹಿಂದಕ್ಕೆ ಎಳೆದುಕೊಳ್ಳಬಹುದು. ಗಿರಾಕಿಗೆ ದೂರಲು ತಿಂಗಳುಗಳು, ಮಾರುವವನಿಗೆ ಉತ್ತರಕ್ಕೆ ದಿನಗಳು, ಅಂಚೆಗೆ ಹುಡುಕಲು ಮತ್ತೆ ತಿಂಗಳುಗಳು! ಈ ವಿಚಾರಣೆಗಳಲ್ಲಿ ಕೇಳುವ ಸಾಕ್ಷ್ಯವಾದರೂ ಯಾವುದು? ಅಂಚೆಗೆ ಹಾಕಿದ ರಶೀತಿಯಲ್ಲ, ಮುಟ್ಟಿಸಿದ ರುಜುವಾತು. ಅದು ಮಾರುವವನ ಕೈಯಲ್ಲಿಲ್ಲ, ಎಂದೂ ಇರಲಾರದು.

ಆದರೂ ವಿದೇಶದ ಗಿರಾಕಿಗಳೆಲ್ಲರೂ ವಂಚಕರೆಂದು ಕೂಗುವ ಕೆಲವು ವರ್ತಕರ ಮಾತನ್ನು ನಾವು ಒಪ್ಪುವುದಿಲ್ಲ. ಹಣ ಕೊಟ್ಟವನಿಗೆ ಸಾಮಾನು ಬೇಕು. ಸಾಮಾನು ಬಾರದಿದ್ದರೆ ಹಣ ಬೇಕು. ಇದರಲ್ಲಿ ಅನ್ಯಾಯವೇನು? ಐರೋಪ್ಯ ಒಕ್ಕೂಟದ 2011ರ ನಿರ್ದೇಶದಂತೆ, ಬೇರೆ ಕರಾರಿಲ್ಲದಿದ್ದರೆ ಮೂವತ್ತು ದಿನಗಳೊಳಗೆ ಸರಕು ಮುಟ್ಟಬೇಕು. ಗ್ರಾಹಕನ ಕೈಗೆ ಸೇರುವವರೆಗೆ ಹಾನಿಯ ಹೊಣೆ ಮಾರುವವನದು. ಬ್ರಿಟನ್ನಿನ 2015ರ ಕಾನೂನೂ ಹೀಗೆಯೇ ಹೇಳುತ್ತದೆ. ಪರದೇಶದ ಮಾತೇಕೆ? ಹೇಳಿದ ಕಾಲಕ್ಕಿಂತ ತಡವಾಗಿ ಸರಕು ಮುಟ್ಟಿದರೆ ಹಣ ಮರಳಿಸಲು ಮಾರುವವನು ನಿರಾಕರಿಸಕೂಡದೆಂದು ನಮ್ಮ ಸರ್ಕಾರದವರೇ 2020ರ ವಿದ್ಯುನ್ಮಾನ ವ್ಯಾಪಾರದ ನಿಯಮಗಳಲ್ಲಿ ವಿಧಿಸಿದ್ದಾರೆ. ಮನುಷ್ಯಪ್ರಯತ್ನಕ್ಕೆ ಮೀರಿದ ಕಾರಣದಿಂದ ತಡವಾದರೆ ಮಾತ್ರ ಅಲ್ಲಿ ವಿನಾಯಿತಿಯುಂಟು. ಆ ವಿನಾಯಿತಿಯು ಸರಿಯಾದುದೇ. ಆದರೆ ಷಿಕಾಗೋ ನಗರದ ಬ್ಯಾಂಕಿನ ಗುಮಾಸ್ತನು ನಮ್ಮ ನಿಯಮಾವಳಿಯನ್ನು ತೆರೆದು ಓದಿ ತೀರ್ಪು ಕೊಡುವನೆಂದು ನಿರೀಕ್ಷಿಸಲಾಗದು.

ನಮ್ಮ ಮಾರಾಟಗಾರರ ತಪ್ಪುಗಳನ್ನೂ ಮುಚ್ಚಿಡತಕ್ಕದ್ದಲ್ಲ. ಇಪ್ಪತ್ತೈದು ದಿನ ಹಿಡಿಯುವುದೆಂದು ಗೊತ್ತಿದ್ದೂ ‘ಹತ್ತು ದಿನಕ್ಕೆ ಮುಟ್ಟುವುದು’ ಎಂದು ಬರೆದು ಬೇಡಿಕೆ ಸಂಪಾದಿಸುವವರುಂಟು. ನಾಲ್ಕು ಕಾಸು ಉಳಿಸಲು ಗುರುತಿನ ಸಂಖ್ಯೆಯಿಲ್ಲದ ಅಗ್ಗದ ಅಂಚೆಯಲ್ಲಿ ಕಳುಹಿಸುವವರುಂಟು. ಮಾರಿದ ಸರಕನ್ನು ‘ಉಡುಗೊರೆ’ಯೆಂದು ಬರೆದು ಬೆಲೆಯನ್ನು ಕಡಿಮೆಮಾಡಿ ತೋರಿಸುವವರೂ ಉಂಟು, ಇದು ಸುಳ್ಳು ಮಾತ್ರವಲ್ಲದೆ ಮೂರ್ಖತನವೂ ಅಹುದು, ಅದೇಕೆಂದರೆ ನಾಳೆ ನಷ್ಟಪರಿಹಾರ ಕೇಳುವಾಗ ತಾನೇ ಬರೆದ ಆ ಕಡಿಮೆ ಬೆಲೆಯೇ ತನಗೆ ಎದುರುಸಾಕ್ಷಿಯಾಗುವುದು. ಎಲ್ಲಕ್ಕಿಂತ ಕೆಟ್ಟುದು ಮೌನ. ಗಿರಾಕಿಯು ಎರಡು ಸಾರಿ ಬರೆದರೂ ಉತ್ತರವಿಲ್ಲದಿದ್ದರೆ ಅವನು ಬ್ಯಾಂಕಿಗೆ ಹೋಗದೆ ಮತ್ತೆಲ್ಲಿಗೆ ಹೋಗಬೇಕು? ತಡವಾಗುವುದೆಂದು ತಿಳಿದ ದಿನವೇ ತಾನಾಗಿ ಕಾಗದ ಬರೆದು, ಕಾರಣವನ್ನು ಇದ್ದಂತೆ ತಿಳಿಸಿ, ‘ಇಂತಹ ದಿನದವರೆಗೆ ಕಾಯುವಿರೋ, ಹಣವನ್ನು ಈಗಲೇ ಮರಳಿಸಲೋ’ ಎಂದು ಕೇಳುವ ವರ್ತಕನಿಗೆ ವ್ಯಾಜ್ಯಗಳು ಕಡಿಮೆ. ಅಮೆರಿಕೆಯಲ್ಲಿ 1975ರಿಂದಲೂ ಅಂಚೆಯ ಮೂಲಕ ಮಾರುವವರಿಗೆ ಇರುವ ನಿಯಮದ ತಿರುಳೂ ಇದೇ: ಹೇಳಿದ ಕಾಲಕ್ಕೆ ರವಾನಿಸಲಾಗದಿದ್ದರೆ ಗಿರಾಕಿಯ ಒಪ್ಪಿಗೆ ಪಡೆ, ಇಲ್ಲವೆ ಹಣ ಕೊಡು. ಮರಳಿಸುವ ಸಂದರ್ಭ ಬಂದರೆ ಗೊಣಗದೆ ಮರಳಿಸಿ, ಪಾರ್ಸೆಲು ಮುಂದೆ ಮುಟ್ಟಿದಲ್ಲಿ ದಯವಿಟ್ಟು ಬೆಲೆ ಕಳುಹಿಸಬೇಕೆಂದು ವಿನಯದಿಂದ ಬರೆದಿಡುವುದು ಮೇಲು. ಹಾಗೆ ಕೇಳಿದರೆ ಕೊಡುವ ಮರ್ಯಾದಸ್ಥರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಹಿಂದಿನವರಿಗೆ ಈ ತಾಪತ್ರಯವಿರಲಿಲ್ಲವೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು. ಪುಸ್ತಕದ ಅಂಗಡಿಯವರೂ ಔಷಧದ ವ್ಯಾಪಾರಿಗಳೂ ವಿ.ಪಿ. ಮೂಲಕ ಕಳುಹಿಸುತ್ತಿದ್ದ ಕಾಲದಲ್ಲಿ ಅಂಚೆಯವನು ಬಾಗಿಲಿಗೆ ಬಂದ ಮೇಲೆಯೇ ಹಣ ಕೈ ಬದಲಾಯಿಸುತ್ತಿದ್ದಿತು. ತಡವಾದರೆ ಗಿರಾಕಿ ಬೇಡವೆನ್ನುವನು, ಕಟ್ಟು ಹಿಂದಕ್ಕೆ ಬರುವುದು, ಅಂಚೆಯ ಖರ್ಚು ನಷ್ಟ, ಅಷ್ಟರಲ್ಲಿ ಮುಗಿಯಿತು. ಸಮುದ್ರದಾಚೆಯ ವ್ಯಾಪಾರಕ್ಕೆ ಆ ಪದ್ಧತಿ ಒದಗದು. ಹಣವು ಮುಂಚಿತವಾಗಿ ಬರುವುದೇ ಈಗಿನ ಅನುಕೂಲ. ಮುಂಚಿತವಾಗಿ ಬಂದುದು ಹಿಂದಕ್ಕೂ ಹೋಗಬಲ್ಲುದೆಂಬುದು ಅದರೊಡನೆ ಬಂದ ಸಂಕಟ.

ಇನ್ನು ಅಂಚೆಯ ವಿಚಾರ. ತಪ್ಪಿಹೋದ, ತಡವಾದ, ಹಾಳಾದ ಪದಾರ್ಥಕ್ಕೆ ಅಂಚೆಯು ಹೊಣೆಯಲ್ಲವೆಂದು 1898ರಲ್ಲಿ ಪರಕೀಯ ಸರ್ಕಾರದವರು ಕಾನೂನಿನ 6ನೆಯ ಪ್ರಕರಣದಲ್ಲಿ ಬರೆದಿಟ್ಟರು. ಪ್ರಜೆಗಳಿಗೆ ಉತ್ತರ ಹೇಳಬೇಕಾಗಿರದ ಸರ್ಕಾರವು ಹಾಗೆ ಬರೆದುಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವಿರುವುದು ಮುಂದಿನದರಲ್ಲಿ. ಆ ಹಳೆಯ ಕಾನೂನನ್ನು ರದ್ದುಮಾಡಿ ನಮ್ಮದೇ ಪಾರ್ಲಿಮೆಂಟು ಮಾಡಿದ 2023ರ ಅಂಚೆ ಕಚೇರಿಯ ಕಾನೂನು 2024ರ ಜೂನ್ 18ರಿಂದ ಜಾರಿಗೆ ಬಂದಿತು. ಅದರ 10ನೆಯ ಪ್ರಕರಣವೂ ನಿಯಮಗಳಲ್ಲಿ ಗೊತ್ತುಮಾಡಿದಷ್ಟರ ಹೊರತು ಅಂಚೆಗೆ ಯಾವ ಹೊಣೆಯೂ ಇಲ್ಲವೆನ್ನುತ್ತದೆ. ಅಂತಾರಾಷ್ಟ್ರೀಯ ಒಡಂಬಡಿಕೆಯೂ ಕಳೆದುಹೋದುದಕ್ಕೆ, ಕದ್ದುಹೋದುದಕ್ಕೆ, ಕೆಟ್ಟುಹೋದುದಕ್ಕೆ ಪರಿಹಾರದ ಮಾತನಾಡುತ್ತದೆಯೇ ಹೊರತು ಕೈತಪ್ಪಿದ ಲಾಭವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2025ರ ಆಗಸ್ಟಿನಲ್ಲಿ ರವಾನೆಯಾಗದೆ ಉಳಿದ ಪಾರ್ಸೆಲುಗಳ ಅಂಚೆಯ ವೆಚ್ಚವನ್ನು ವಾಪಸು ಪಡೆಯಬಹುದೆಂದು ಇಲಾಖೆಯವರು ಪ್ರಕಟಿಸಿದರು. ಒಳ್ಳೆಯದೇ. ಆದರೆ ಅಂಚೆಯ ವೆಚ್ಚ ಬಂದಿತು, ಗಿರಾಕಿ ಹೋದನು. ಪೇಟೆಯಲ್ಲಿ ‘ಈ ಅಂಗಡಿಯವನು ನಂಬಿಕೆಗೆ ತಕ್ಕವನಲ್ಲ’ ಎಂಬ ಹಣೆಪಟ್ಟಿ ಉಳಿಯಿತು. ಅದಕ್ಕೆ ಯಾವ ಖಾತೆಯಿಂದ ಪರಿಹಾರ?

ಈ ಹೊಣೆಯನ್ನೆಲ್ಲ ಸರ್ಕಾರವೇ ಹೊರಲಿ ಎಂದು ನಾವು ಹೇಳುತ್ತಿಲ್ಲ. ಬೊಕ್ಕಸವು ಗೊಂಬೆಯ ಅಂಗಡಿಯಲ್ಲ. ಆದರೆ ಹಣದ ಖರ್ಚಿಲ್ಲದೆ ಮಾಡಬಹುದಾದ ಒಂದು ಉಪಕಾರವುಂಟು. ‘ಇಂತಹ ಸಂಖ್ಯೆಯ ಪಾರ್ಸೆಲನ್ನು ಇಂತಹ ದಿನ ನಾವು ಸ್ವೀಕರಿಸಿದೆವು, ಇಂತಹ ಕಾರಣದಿಂದ ಅದು ನಮ್ಮಲ್ಲಿ ತಡೆದಿದೆ, ಕಳುಹಿಸಿದವನ ತಪ್ಪು ಇದರಲ್ಲಿ ಇಲ್ಲ’ ಎಂದು ಇಲಾಖೆಯ ಮೊಹರಿನೊಡನೆ, ಇಂಗ್ಲಿಷಿನಲ್ಲಿ, ಎರಡು ದಿನಗಳೊಳಗೆ ಪತ್ರ ಕೊಡುವ ಏರ್ಪಾಡಾಗಲಿ. ಮೂರು ದಿನದ ವಾಯಿದೆಯ ವ್ಯಾಜ್ಯದಲ್ಲಿ ಸಣ್ಣ ಮಾರಾಟಗಾರನಿಗೆ ಅದಕ್ಕಿಂತ ಬಲವಾದ ಆಯುಧವಿಲ್ಲ. ಸಾವಿರಕ್ಕೂ ಮೇಲ್ಪಟ್ಟು ಡಾಕ್ ಘರ್ ನಿರ್ಯಾತ ಕೇಂದ್ರಗಳನ್ನು ತೆರೆದಿರುವೆವೆಂದು ಹೆಮ್ಮೆಪಡುವ ಇಲಾಖೆಗೆ ಈ ಒಂದು ಹಾಳೆ ಕಾಗದ ಭಾರವಾಗಲಾರದು. 2025ರ ಅಕ್ಟೋಬರಿನಲ್ಲಿ ಸೇವೆಯನ್ನು ಮತ್ತೆ ಆರಂಭಿಸಿದಾಗ, ಸುಂಕವನ್ನು ಇಲ್ಲಿಯೇ ಮುಂಚಿತವಾಗಿ ಕಟ್ಟಿಸಿಕೊಳ್ಳುವ ಪದ್ಧತಿಯನ್ನು ಇಲಾಖೆಯವರು ತಂದರು. ಇದರಿಂದ, ಬಾಗಿಲಿಗೆ ಬಂದ ಪಾರ್ಸೆಲಿಗೆ ಸುಂಕ ಕೇಳಿದರೆಂದು ಗಿರಾಕಿಯು ನಿರಾಕರಿಸುವ ಒಂದು ಬಗೆಯ ವ್ಯಾಜ್ಯವೇ ಇಲ್ಲವಾಗುತ್ತದೆ. ಮನಸ್ಸು ಮಾಡಿದರೆ ಮಾಡಬಲ್ಲರೆಂಬುದಕ್ಕೆ ಇದೇ ನಿದರ್ಶನ. ಏಳು ವಾರಗಳ ಬದಲು ಏಳು ದಿನಗಳಲ್ಲಿ ಮಾಡಿದ್ದರೆ ನಾವು ಇನ್ನೂ ಹೆಚ್ಚಾಗಿ ಹೊಗಳುತ್ತಿದ್ದೆವು.

ಅಂತರಜಾಲದ ಪೇಟೆಯವರ ಪಾಲು ಉಳಿಯಿತು. ಮಾರಾಟದಿಂದ ಕಮಿಷನ್ನು ಪಡೆಯುವವರು ನಷ್ಟ ಬಂದಾಗ ತಾವು ಕೇವಲ ಮಧ್ಯಸ್ಥರೆಂದು ದೂರ ನಿಲ್ಲುವುದು ಸರಿಯಲ್ಲ. ಇದು ಆಗದ ಮಾತೂ ಅಲ್ಲ. ಹೇಳಿದ ದಿನಕ್ಕೆ ರವಾನಿಸಿ ಗುರುತಿನ ಸಂಖ್ಯೆ ಕೊಟ್ಟ ಮಾರಾಟಗಾರನ ಹಣಕ್ಕೆ ಕೈಹಚ್ಚದೆ, 250 ಡಾಲರಿನವರೆಗಿನ ಬೇಡಿಕೆಗಳಲ್ಲಿ ಗಿರಾಕಿಗೆ ತನ್ನ ಕೈಯಿಂದಲೇ ಹಣ ಮರಳಿಸುವ ಏರ್ಪಾಡನ್ನು ಎಟ್ಸಿ ಎಂಬ ಪೇಟೆಯು 2022ರಲ್ಲಿ ಆರಂಭಿಸಿತು. ಒಬ್ಬರು ಮಾಡಿದುದನ್ನು ಉಳಿದವರೂ ಮಾಡಬಹುದು. ಭಾರತದ ಮಾರಾಟಗಾರರಿಂದ ಲಾಭ ಪಡೆಯುವ ಪೇಟೆಗಳೊಡನೆ ವಾಣಿಜ್ಯ ಇಲಾಖೆಯವರು ಈ ಮಾತನ್ನು ಎತ್ತಬೇಕು. ಬಿಡಿಬಿಡಿಯಾಗಿ ಬೇಡುವ ಇಳಕಲ್ಲಿನ ನೇಕಾರನ ಧ್ವನಿಯೂ ಬಿದರಿನ ಬಿದರಿ ಕೆಲಸದವನ ಧ್ವನಿಯೂ ಸಾಗರದಾಚೆಗೆ ಕೇಳಿಸುವುದಿಲ್ಲ.

ಸ್ವದೇಶಿಯೆಂದರೆ ಪರದೇಶದ ಸರಕನ್ನು ಬಿಡುವುದಷ್ಟೇ ಅಲ್ಲ, ನಮ್ಮ ಕೈಕೆಲಸವು ಪರದೇಶದಲ್ಲಿ ಗೌರವದಿಂದ ಮಾರಾಟವಾಗುವಂತೆ ನೋಡುವುದೂ ಅಹುದು. ಕೈಕಸಬಿನ ಸಹಕಾರ ಸಂಘಗಳು ಪ್ರತಿಯೊಂದು ವಿದೇಶೀ ಪಾರ್ಸೆಲಿನ ಮೇಲೆ ಅಲ್ಪ ಮೊತ್ತವನ್ನು ಕೂಡಿಟ್ಟು, ತಡವಾದುದರಿಂದ ಹಣ ಮರಳಿಸಿದ ಸದಸ್ಯನಿಗೆ ಅದರಿಂದ ಅರ್ಧವನ್ನಾದರೂ ತುಂಬಿಕೊಡುವ ನಿಧಿಯನ್ನು ಏಕೆ ಸ್ಥಾಪಿಸಬಾರದು? ರಿಜರ್ವ್ ಬ್ಯಾಂಕಿನವರು 2025ರ ಅಕ್ಟೋಬರಿನಲ್ಲಿ ಹತ್ತು ಲಕ್ಷ ರೂಪಾಯಿಯೊಳಗಿನ ರಫ್ತಿನ ಲೆಕ್ಕಗಳನ್ನು ವರ್ತಕನ ಹೇಳಿಕೆಯ ಮೇಲೆಯೇ ಮುಗಿಸಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟು ಸಣ್ಣವರ ಒಂದು ತೊಡಕನ್ನು ಬಿಡಿಸಿದ್ದಾರೆ. ಹಣ ಮರಳಿಸಿದವನನ್ನು ಬ್ಯಾಂಕಿನ ಗುಮಾಸ್ತರು ಕಳ್ಳನಂತೆ ವಿಚಾರಿಸದಿರಲು ಆ ಆಜ್ಞೆಯು ತಾಲ್ಲೂಕಿನ ಶಾಖೆಗಳವರೆಗೂ ತಲುಪಬೇಕು. ಅಂಚೆಯ ಇಲಾಖೆಯವರಾದರೋ, ಮೇಲೆ ಹೇಳಿದ ತಡೆಯ ಪತ್ರದ ಏರ್ಪಾಡನ್ನು ಮುಂದಿನ ನವರಾತ್ರಿಯ ಗೊಂಬೆಗಳು ಅಂಚೆಗೆ ಬೀಳುವ ಮುಂಚೆಯೇ ಪ್ರಕಟಿಸುವರೆಂದು ನಿರೀಕ್ಷಿಸುತ್ತೇವೆ.