‘ಹಳತಾಯ್ತು’ ಅಂದ್ರೆ ಕಾಯಿಲೆಯ ಹೆಸರಲ್ಲ ಮಾರಾಯ್ರೆ

ಏಪ್ರಿಲಿನಲ್ಲಿ ನಮ್ಮ ಮನೆಯಲ್ಲಿ ನಾಲ್ಕು ದಿನ ಅಪ್ಪ ಮಗನಿಗೆ ಮಾತುಕತೆ ಇರಲಿಲ್ಲ. ಎಂತಕ್ಕೆ ಅಂದ್ರೆ ಒಂದು ಲ್ಯಾಪ್‌ಟಾಪಿಗಾಗಿ. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸಿಗೆ ಬೇಕೇ ಬೇಕು ಅಂತ ಕಂತಿನಲ್ಲಿ ತೆಗೆದದ್ದು ಅದು. ಈಗ ಮಗ ಇಂಜಿನಿಯರಿಂಗ್. ಹಗಲು ಅದರಲ್ಲೇ ಪ್ರಾಜೆಕ್ಟು, ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಗೇಮು. ಆ ಗೇಮು ನಿಂತು ನಿಂತು ಹೋಗ್ಲಿಕ್ಕೆ ಶುರುವಾಯ್ತು. “ಅಮ್ಮ, ಲ್ಯಾಗ್ ಆಗ್ತಾ ಉಂಟು, ಹೊಸತು ತೆಗಿಯುವ” ಅಂತ ಅವನ ರಾಗ. “ನೀನು ಆಡಿ ಆಡಿಯೇ ಅದು ಹಾಳಾದದ್ದು” ಅಂತ ಇವರ ಬೊಬ್ಬೆ.

ಪೇಟೆಯ ಒಂದು ಅಂಗಡಿಗೆ ತಕೊಂಡು ಹೋದೆವು. ಅವರು ಆನ್ ಮಾಡಿ ಎರಡು ನಿಮಿಷ ನೋಡಿದ್ರು. “ಹಳತಾಯ್ತು ಮೇಡಂ. ಇದರಲ್ಲಿ ಇನ್ನು ಗೇಮ್ ಎಲ್ಲ ಹೋಗುದಿಲ್ಲ. ಎಪ್ಪತ್ತು ಸಾವಿರಕ್ಕೆ ಒಳ್ಳೆದು ಕೊಡ್ತೇನೆ” ಅಂದ್ರು. ನಮ್ಮಲ್ಲಿ ಎಪ್ಪತ್ತು ಸಾವಿರ ಇತ್ತು. ಮಳೆಗಾಲಕ್ಕೆ ಮೊದಲು ಟೆರೇಸಿಗೆ ಶೀಟ್ ಹಾಕಿಸ್ಲಿಕ್ಕೆ ಅಂತ ಇಟ್ಟ ದುಡ್ಡು ಅದು. ಸೋರುವ ಕೋಣೆಯಲ್ಲಿ ಮಲಗುದು ನನ್ನ ಅತ್ತೆ.

ನನ್ನ ಜಗಳ ಇರುದು ಆ ‘ಹಳತಾಯ್ತು’ ಅನ್ನುವ ಶಬ್ದದ ಮೇಲೆ. ಡಾಕ್ಟ್ರ ಹತ್ರ ಹೋದಾಗ ಬಿಪಿ ನೋಡದೆ, ನಾಡಿ ಹಿಡಿಯದೆ “ನಿಮಗೆ ವಯಸ್ಸಾಯ್ತು” ಅಂತ ಮಾತ್ರ ಹೇಳಿ ಕಳಿಸಿದ್ರೆ ನಾವು ಸುಮ್ಮನೆ ಬರ್ತೇವಾ? ಲ್ಯಾಪ್‌ಟಾಪಿನ ವಿಷಯದಲ್ಲಿ ಮಾತ್ರ ತಲೆ ಆಡಿಸಿ ಪರ್ಸ್ ತೆಗಿತೇವೆ.

ಅಡಿಗೆಮನೆಯ ಲೆಕ್ಕದಲ್ಲಿ ಹೇಳ್ತೇನೆ. ಉದ್ದು ಕಡೆಯುವಾಗ ಮಿಕ್ಸಿ ಬಿಸಿಯಾಗಿ ಟಪ್ಪ ಅಂತ ನಿಲ್ತದೆ. ತಣ್ಣಗಾದ ಮೇಲೆ ಅಡಿಯಲ್ಲಿರುವ ಸಣ್ಣ ಬಟನ್ ಒತ್ತಿದ್ರೆ ಮತ್ತೆ ತಿರುಗ್ತದೆ. ಅದಕ್ಕೆ ಯಾರೂ ಮಿಕ್ಸಿ ಬಿಸಾಡುದಿಲ್ಲ. ಲ್ಯಾಪ್‌ಟಾಪು ಇನ್ನೂ ಹುಷಾರು. ಅದರ ಚಿಪ್ಪಿನ ಶಾಖ 95–100 ಡಿಗ್ರಿ ಹತ್ರ ಹೋದ್ರೆ, ಸುಟ್ಟುಹೋಗದ ಹಾಗೆ ತನ್ನ ವೇಗ ತಾನೇ ಇಳಿಸ್ತದೆ. ಇದಕ್ಕೆ ಥ್ರಾಟ್ಲಿಂಗ್ ಅಂತ ಹೆಸರು. ಗೇಮು ಸಲೀಸಾಗಿ ಕಾಣ್ಬೇಕಾದ್ರೆ ಸೆಕೆಂಡಿಗೆ 60 ಚಿತ್ರ ಬೇಕು, ಅಂದ್ರೆ ಒಂದೊಂದು ಚಿತ್ರಕ್ಕೆ ಹದಿನಾರು ಹದಿನೇಳು ಮಿಲಿಸೆಕೆಂಡು. ವೇಗ ಇಳಿದ ಚಿಪ್ಪಿಗೆ ಆ ಹೊತ್ತು ಸಾಕಾಗುದಿಲ್ಲ, ಪರದೆ ತಡವರಿಸ್ತದೆ.

ಈಗ ಇವರ ಬೊಬ್ಬೆಗೆ ಉತ್ತರ. ಕಾಗದ ಟೈಪ್ ಮಾಡುವಾಗ ಲ್ಯಾಪ್‌ಟಾಪಿಗೆ ಬೆವರು ಬರುದಿಲ್ಲ. ಗೇಮಿನಲ್ಲಿ ಪ್ರೊಸೆಸರೂ ಗ್ರಾಫಿಕ್ಸೂ ಒಟ್ಟಿಗೆ ದುಡಿಬೇಕು. ಕದ್ರಿ ಗುಡ್ಡೆಯ ಮೆಟ್ಟಿಲು ಹತ್ತಿದಾಗ ದಮ್ಮು ಕಟ್ಟಿದ್ರೆ ಮೆಟ್ಟಿಲಿಗೆ ಬೈತೇವಾ? ದಮ್ಮು ಯಾಕೆ ಕಟ್ಟಿತು ಅಂತ ನೋಡ್ಬೇಕು.

ಯಾಕೆ ಅಂತ ನಮ್ಮ ಊರಿನವರಿಗೆ ಬೇರೆ ಹೇಳ್ಬೇಕಾಗಿಲ್ಲ. ಮಂಗಳೂರಿನ ಸೆಕೆಯಲ್ಲಿ ಫ್ಯಾನಿನ ಅಡಿಯಲ್ಲಿ ಕೂತರೂ ನಾವೇ ಬೆವರ್ತೇವೆ. ಲ್ಯಾಪ್‌ಟಾಪಿನ ಫ್ಯಾನು ಎಳೆಯುದು ಅದೇ ಕೋಣೆಯ ಬಿಸಿ ಗಾಳಿಯನ್ನು. ಮೇಲಿಂದ ಕೆಂಪು ಮಣ್ಣಿನ ಧೂಳು, ಬಟ್ಟೆಯ ನೂಲು, ಕೂದಲು. ಗಾಳಿಯಲ್ಲಿ ಪಸೆ ಇರುವ ಕಾರಣ ಧೂಳು ಹಾರಿಹೋಗುದಿಲ್ಲ, ಒಳಗೆ ಅಂಟಿ ಕೂರ್ತದೆ. ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನ್ ಒಮ್ಮೆ ನೋಡಿ, ಗೊತ್ತಾಗ್ತದೆ. ಅದರ ಮೇಲೆ ನಮ್ಮ ಮಗರಾಯ ಹಾಸಿಗೆಯಲ್ಲಿ ಇಟ್ಟು ಆಡುದು. ಅಡಿಯ ಗಾಳಿ ಕಿಂಡಿಗೆ ಹಾಸಿಗೆಯೇ ಮುಚ್ಚಳ!

ಹಾಗಾದ್ರೆ ಎಲ್ಲ ಲ್ಯಾಗಿಗೂ ಶಾಖವೇ ಕಾರಣವಾ? ಅಲ್ಲ. ಅದನ್ನು ಕಂಡುಹಿಡಿಲಿಕ್ಕೆ ದುಡ್ಡು ಬೇಡ, ಕಣ್ಣು ಸಾಕು. ಮೊದಲ ಹತ್ತು ನಿಮಿಷ ಚಂದ ಹೋಗಿ ಮತ್ತೆ ನಿಧಾನ ಆದ್ರೆ ಹೆಚ್ಚಾಗಿ ಶಾಖ. ಗೇಮು ಸುರುವಾದಲ್ಲಿಂದಲೇ ನಿಧಾನ ಅಂದ್ರೆ ಚಾರ್ಜರ್ ನೋಡಿ. ಬ್ಯಾಟರಿಯಲ್ಲಿ ಆಡುವಾಗ, ಇಲ್ಲ ಬೇರೆ ಸಣ್ಣ ಚಾರ್ಜರ್ ಸಿಕ್ಕಿಸಿದಾಗ ಅದು ವೇಗ ಕಡಿಮೆ ಮಾಡ್ತದೆ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಗೇಮು ಸಣ್ಣದರಲ್ಲೇ ಓಡ್ತಾ ಇರ್ಬಹುದು. ಸೆಟ್ಟಿಂಗ್ಸಿನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ ಆ ಗೇಮಿಗೆ ‘ಹೈ ಪರ್ಫಾರ್ಮೆನ್ಸ್’ ಕೊಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದ್ರೆ, ಹಿಂದಿನಿಂದ ಯಾರೆಲ್ಲ ಕೂತು ಉಣ್ತಾ ಇದ್ದಾರೆ ಅಂತ ಕಾಣ್ತದೆ. ಚಿತ್ರ ಸಲೀಸಾಗಿದ್ದು ಎದುರಾಳಿ ಮಾತ್ರ ಅಲ್ಲಿಂದಿಲ್ಲಿಗೆ ಹಾರಿದ ಹಾಗೆ ಕಂಡ್ರೆ ಅದು ನೆಟ್ಟಿನ ತೊಂದರೆ. ಅದಕ್ಕೆ ಎಪ್ಪತ್ತು ಸಾವಿರದ ಲ್ಯಾಪ್‌ಟಾಪ್ ತಂದರೂ ಎಂತ ಪ್ರಯೋಜನ ಇಲ್ಲ.

ನಮ್ಮದು ಹತ್ತು ನಿಮಿಷದ ಕೇಸು. ಶಾಖ ತೋರಿಸುವ ಒಂದು ಪುಕ್ಕಟೆ ಆ್ಯಪ್ ಹಾಕಿ ನೋಡಿದ್ರೆ 97 ಡಿಗ್ರಿ. ಬೇರೆ ಒಬ್ಬರ ಹತ್ರ ಬಿಚ್ಚಿಸಿದೆವು. ಫ್ಯಾನಿನ ಬಾಯಿಯಲ್ಲಿ ಹಳೇ ಕಂಬಳಿಯ ತುಂಡಿನ ಹಾಗೆ ಧೂಳು! ಚಿಪ್ಪಿನ ಶಾಖವನ್ನು ಹೊರಗೆ ದಾಟಿಸುವ ಪೇಸ್ಟು ಒಣಗಿ ಸುಣ್ಣದ ಹಾಗೆ ಆಗಿತ್ತು. ಧೂಳು ತೆಗೆದು, ಪೇಸ್ಟ್ ಬದಲಿಸಿ ಎಂಟುನೂರು ರೂಪಾಯಿ ತಕೊಂಡ್ರು. ಮನೆಗೆ ಬಂದು ಮೇಜಿನ ಮೇಲಿಟ್ಟು ಒಂದು ಗಂಟೆ ಆಡಿದಾಗ 82. ಆ ದಿನ ಇವರೇ ಮಗನ ಹಿಂದೆ ನಿಂತು “ಈಗ ಎಷ್ಟು ಡಿಗ್ರಿ ಮಗಾ?” ಅಂತ ಮೂರು ಸಲ ಕೇಳಿದ್ರು. ನಾಲ್ಕು ದಿನದ ಮೌನ ಅಲ್ಲಿಗೆ ಮುಗಿಯಿತು.

ಹೊಸತು ಯಾವಾಗಲೂ ಬೇಡ ಅಂತ ನಾನು ಹೇಳುದಿಲ್ಲ. ಬೇರೆ ಗ್ರಾಫಿಕ್ಸ್ ಚಿಪ್ಪೇ ಇಲ್ಲದ ಲ್ಯಾಪ್‌ಟಾಪಿನಲ್ಲಿ ಈ ವರ್ಷದ ದೊಡ್ಡ ಗೇಮು ಓಡ್ಬೇಕು ಅಂದ್ರೆ ಕಷ್ಟ. ಆದ್ರೆ ಅಲ್ಲಿಯೂ ಮೊದಲು ರೆಸೊಲ್ಯೂಶನ್ ಇಳಿಸಿ ನೋಡಿ. 1920×1080ರಲ್ಲಿ ಸುಮಾರು 20.7 ಲಕ್ಷ ಚುಕ್ಕೆ, 1280×720ರಲ್ಲಿ 9.2 ಲಕ್ಷ. ಚಿಪ್ಪಿನ ಕೆಲಸ ಎಷ್ಟು ಹಗುರ ಆಗ್ತದೆ ನೋಡಿ! ಒಂದೇ ರ‍್ಯಾಮ್ ಇದ್ದು ಪಕ್ಕದ ಜಾಗ ಖಾಲಿ ಇದ್ರೆ ಇನ್ನೊಂದು ಹಾಕಿಸಿ. ವಿಂಡೋಸ್ 10ಕ್ಕೆ 14 ಅಕ್ಟೋಬರ್ 2025ಕ್ಕೆ ಸಾಮಾನ್ಯ ಅಪ್‌ಡೇಟ್ ನಿಂತಿತು ಅಂತ ಹೆದರಿಸುವವರೂ ಇದ್ದಾರೆ. ಅದು ಭದ್ರತೆಯ ಪ್ರಶ್ನೆ, ಅದಕ್ಕೂ ಗೇಮು ತಡವರಿಸುದಕ್ಕೂ ಸಂಬಂಧ ಇಲ್ಲ. ಬ್ಯಾಟರಿ ಉಬ್ಬಿ ಅಡಿಯ ಮುಚ್ಚಳ ಎದ್ದಿದ್ರೆ ಮಾತ್ರ ಲೆಕ್ಕಾಚಾರ ಬೇಡ. ಚಾರ್ಜಿಗೆ ಹಾಕದೆ, ನೀವೇ ಬಿಚ್ಚದೆ, ಕೂಡ್ಲೇ ರಿಪೇರಿಯವರಿಗೆ ಕೊಡಿ.

ಅಂಗಡಿಯವರಿಗೆ ಒಂದು ಮಾತು: ನೀವು ಹೊಟ್ಟೆಪಾಡಿಗೆ ಮಾರುದು, ಅದಕ್ಕೆ ನನ್ನ ತಕರಾರಿಲ್ಲ. ಶಾಖ ಎಷ್ಟು, ಧೂಳು ಎಷ್ಟು ಅಂತ ತೋರಿಸಿ, ಮತ್ತೆ ಹೊಸತರ ಮಾತಾಡಿ. ಅಪ್ಪಂದಿರಿಗೆ: ಮಕ್ಕಳಿಗೆ ಬೈಯುವ ಮೊದಲು ಲ್ಯಾಪ್‌ಟಾಪಿನ ಅಡಿಗೆ ಒಮ್ಮೆ ಕೈ ಇಟ್ಟು ನೋಡಿ. ಮಕ್ಕಳಿಗೆ: ಹಾಸಿಗೆಯಿಂದ ಏಳಿ.

ನಮ್ಮ ಟೆರೇಸಿಗೆ ಶೀಟು ಹಾಕಿಸಿ ಆಯ್ತು. ಇನ್ನು ಮಳೆ ಬರ್ಲಿ. ಚೌತಿಗೆ ಮನೆ ಉಡುಗಿ ಒರೆಸುವಾಗ ಮಾಡಿನ ಫ್ಯಾನಿನ ರೆಕ್ಕೆ ಉಜ್ಜುತ್ತೇವಲ್ಲ, ಆ ದಿನ ಮೇಜಿನ ಮೇಲಿರುವ ಆ ಸಣ್ಣ ಫ್ಯಾನಿನ ನೆನಪೂ ಇರ್ಲಿ.