ಕೂಸಿನ ಉಸಿರನ್ನು ಎಣಿಸಿರಿ



ಚಳಿ ಕಾಲಿಡುವ ದಿನಗಳಲ್ಲಿ ಮಕ್ಕಳಿರುವ ಮನೆಯಲ್ಲಿ ನೆಗಡಿ, ಕೆಮ್ಮು ಇಲ್ಲದ ವಾರವೇ ಅಪರೂಪ. ಇವುಗಳಲ್ಲಿ ಬಹುಪಾಲು ವೈರಾಣುಗಳಿಂದ ಬಂದು, ಆರೈಕೆಯಿಂದಲೇ ವಾಸಿಯಾಗುವಂಥವು. ಆದರೆ ಕೆಲವೊಮ್ಮೆ ಸೋಂಕು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಜಗತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳನ್ನು ಬಲಿ ತೆಗೆದುಕೊಳ್ಳುವ ಸೋಂಕುರೋಗಗಳಲ್ಲಿ ಇದೇ ಮೊದಲನೆಯದು. ಎರಡೂ ಕೆಮ್ಮಿನಿಂದಲೇ ಆರಂಭವಾಗುವುದರಿಂದ, ಸಾಧಾರಣ ನೆಗಡಿ ಯಾವುದು, ಪ್ರಾಣಾಪಾಯದ ರೋಗ ಯಾವುದು ಎಂದು ಅರಿಯುವ ಬಗೆ ಹೇಗೆ? ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ತಾಯಿಯ ಕಣ್ಣು ಮತ್ತು ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ ಸಾಕು.

ನ್ಯುಮೋನಿಯಾದಲ್ಲಿ ಶ್ವಾಸಕೋಶದ ಗಾಳಿಚೀಲಗಳಲ್ಲಿ ಕೀವು, ದ್ರವ ತುಂಬುತ್ತವೆ. ಒಂದೊಂದು ಉಸಿರಿಗೆ ದೊರೆಯುವ ಗಾಳಿ ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬಿಕೊಳ್ಳಲು ಕೂಸು ಬೇಗ ಬೇಗ ಉಸಿರಾಡುತ್ತದೆ. ಆದುದರಿಂದ ಕೂಸು ಅಳದೆ ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40: ಉಸಿರು ಈ ಸಂಖ್ಯೆಯನ್ನು ಮುಟ್ಟಿದರೆ ಅಥವಾ ಮೀರಿದರೆ ಅದು ವೇಗದ ಉಸಿರಾಟವೆಂದು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದೆ.

ಇದು ಓದು ಬಲ್ಲವರಿಗೆ ಮಾತ್ರ ಸಾಧ್ಯವೆಂದು ಭಾವಿಸಬೇಕಾಗಿಲ್ಲ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಈ ವಿದ್ಯೆಯನ್ನು ಕಲಿಸಿದರು. ದೊಡ್ಡ ಸಂಖ್ಯೆ ಎಣಿಸಲು ಬಾರದವರಿಗಾಗಿ ಮಣಿಗಳನ್ನೂ ಒಂದು ನಿಮಿಷದ ಮರಳು ಗಡಿಯಾರವನ್ನೂ ಜೋಡಿಸಿದ ಸರಳ ಸಾಧನವನ್ನು ರೂಪಿಸಿದರು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಇಳಿಯುವ ಮುನ್ನ ಕೆಂಪು ಮಣಿ ಸರಿದರೆ ಔಷಧ ಕೊಡುವುದು. 1990ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಈ ಸೇವೆ ದೊರೆತ ಗ್ರಾಮಗಳಲ್ಲಿ ನ್ಯುಮೋನಿಯಾದಿಂದ ಸಾಯುವ ಮಕ್ಕಳ ಪ್ರಮಾಣವು ಇತರ ಗ್ರಾಮಗಳದಕ್ಕಿಂತ ಅರ್ಧಕ್ಕೂ ಕಡಿಮೆಯಾಗಿತ್ತು.

ಉಸಿರು ವೇಗವಾಗಿದ್ದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಕೊಡುವ ಅಮಾಕ್ಸಿಸಿಲಿನ್ ಮಾತ್ರೆಯನ್ನು, ಜ್ವರ ಇಳಿದರೂ ನಡುವೆ ಬಿಡದೆ, ಹೇಳಿದಷ್ಟು ದಿನ ಕೊಡಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ಹಾಲು ನೀರು ಕುಡಿಯಲಾಗದಿರುವುದು, ಕುಡಿದುದೆಲ್ಲ ವಾಂತಿಯಾಗುವುದು, ಫಿಟ್ಸ್ ಬರುವುದು, ಎಚ್ಚರಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಎರಡು ತಿಂಗಳೊಳಗಿನ ಶಿಶುವಿಗೆ ವೇಗದ ಉಸಿರೊಂದೇ ಸಾಕು, ಅದೂ ಆಸ್ಪತ್ರೆಯ ವಿಷಯವೇ.

ಹೊಟ್ಟೆಗೆ ಬರೆ ಹಾಕುವ ಪದ್ಧತಿ ಕೆಲವೆಡೆ ಇನ್ನೂ ಉಳಿದಿದೆ. ಅದರಿಂದ ಸೋಂಕು ಕಳೆಯುವುದಿಲ್ಲ; ಸುಟ್ಟ ಗಾಯವೊಂದು ಕೂಡಿಕೊಳ್ಳುತ್ತದೆ, ಅಮೂಲ್ಯವಾದ ಹೊತ್ತು ಕಳೆಯುತ್ತದೆ. ಅಂತೆಯೇ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಕುಡಿಸುವುದೂ ಸಲ್ಲದು. ಎರಡು ವರ್ಷದೊಳಗಿನ ಮಕ್ಕಳಿಗೆ ಅಂಥ ಔಷಧಗಳನ್ನು ಕೊಡಬಾರದೆಂದು ಕೇಂದ್ರ ಸರ್ಕಾರ 2025ರ ಅಕ್ಟೋಬರದಲ್ಲಿ ಸೂಚಿಸಿದೆ. ಬರಿಯ ನೆಗಡಿಯಾದರೆ ಎದೆಹಾಲು, ಬೆಚ್ಚನೆಯ ಹೊದಿಕೆ, ಸ್ವಲ್ಪ ಸ್ವಲ್ಪವಾಗಿ ಆಹಾರ ಸಾಕು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು.

ರೋಗ ಬಾರದಂತೆ ತಡೆಯುವುದೂ ನಮ್ಮ ಕೈಯಲ್ಲಿದೆ. ಆರು ತಿಂಗಳವರೆಗೆ ಎದೆಹಾಲೊಂದನ್ನೇ ಕೊಡುವುದು, ಒಲೆಯ ಹೊಗೆ, ಬೀಡಿಯ ಹೊಗೆ ಕೂಸಿಗೆ ತಾಗದಂತೆ ನೋಡಿಕೊಳ್ಳುವುದು, ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ ಉಚಿತವಾಗಿ ದೊರೆಯುವ ನ್ಯೂಮೋಕಾಕಲ್ ಲಸಿಕೆಯನ್ನು ತಪ್ಪದೆ ಹಾಕಿಸುವುದು ಮುಖ್ಯ.

ಕೊನೆಯದಾಗಿ ಮನೆಯ ಹಿರಿಯರಿಗೆ ಒಂದು ಮಾತು. ಕೂಸಿನ ಉಸಿರು ಸರಿಯಿಲ್ಲವೆಂದು ಮೊದಲು ಕಾಣುವವಳು ತಾಯಿ; ಆದರೆ ಆಸ್ಪತ್ರೆಗೆ ಹೋಗುವ ತೀರ್ಮಾನ ಅನೇಕ ಮನೆಗಳಲ್ಲಿ ಅವಳ ಕೈಯಲ್ಲಿಲ್ಲ. ಯಜಮಾನರು ಹೊಲದಿಂದ ಬರಲಿ, ಅಮಾವಾಸ್ಯೆ ಕಳೆಯಲಿ ಎಂದು ಅವಳನ್ನು ಕಾಯಿಸುವ ಆ ಒಂದು ರಾತ್ರಿಯಲ್ಲಿಯೇ ಪ್ರಾಣ ಹೋಗಬಹುದು. ಸೊಸೆ ಉಸಿರೆಣಿಸಿ ಹೇಳಿದಾಗ ಅವಳ ಮಾತನ್ನು ನಂಬಿರಿ, ಕೂಡಲೇ ಹೊರಡಿರಿ. ಮನೆತನದ ಹಿರಿತನಕ್ಕೆ ಇದರಿಂದ ಶೋಭೆಯೇ ಹೊರತು ಕುಂದಿಲ್ಲ.